ಎರಡು ಗಂಟೆ ಕುಳಿತೇ ಇರಬೇಕು

ನನಗೆ 26ನೆಯ ವಾರ ನಡೆಯುತ್ತಿದ್ದಾಗಿನ ಒಂದು ದಿನದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ದಿನ ಬೆಳಿಗ್ಗೆ ಗರ್ಭಿಣಿಯರಿಗೆ ಮಾಡುವ ಸಕ್ಕರೆ ಪರೀಕ್ಷೆಗೆ ಹೋಗಬೇಕಿತ್ತು. ರಾತ್ರಿ 11 ಗಂಟೆ 59 ನಿಮಿಷದೊಳಗೆ ಸಂಖ್ಯಾಶಾಸ್ತ್ರದ ಅಸೈನ್‌ಮೆಂಟ್ ಸಲ್ಲಿಸಬೇಕಿತ್ತು. ಇವೆರಡರ ನಡುವೆ ಆರು ವರ್ಷದ ಮಗಳೂ ಎರಡೂವರೆ ವರ್ಷದ ಮಗನೂ ಇದ್ದರು. ಮಗಳು ಹುಟ್ಟುವ ಮೊದಲು ಅರ್ಧಕ್ಕೆ ಬಿಟ್ಟಿದ್ದ ಸ್ನಾತಕೋತ್ತರ ಓದನ್ನು ಮತ್ತೆ ಹಿಡಿಯಬೇಕೆಂದು ಹೆಸರು ನೋಂದಾಯಿಸಿ, ಶುಲ್ಕವನ್ನೂ ಕಟ್ಟಿದ ಎರಡು ವಾರಕ್ಕೆ ನಾನು ಮತ್ತೆ ತಾಯಿಯಾಗುತ್ತಿದ್ದೇನೆಂದು ತಿಳಿದಿತ್ತು. ಆಗ ಹಲವರು ಈಗಲೇ ಏಕೆ ಓದಬೇಕು ಎಂದು ಕೇಳಿದ್ದರು. ಅವರಿಗೆ ನಾನು ಕೊಟ್ಟ ಉತ್ತರ ಒಂದೇ: ಈ ಆರು ವರ್ಷಗಳಲ್ಲಿ ‘ಆಮೇಲೆ’ ಎನ್ನುವುದು ಒಂದು ಸಲವೂ ಬಂದಿಲ್ಲ.

ಹಿಂದಿನ ರಾತ್ರಿ 10 ಗಂಟೆಯ ನಂತರ ನೀರು ಬಿಟ್ಟು ಏನನ್ನೂ ಸೇವಿಸಬಾರದೆಂದು ಹೇಳಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಮೀನಖಂಡ ಹಿಡಿದುಕೊಂಡು ಎಚ್ಚರವಾಯಿತು. ಪಾದವನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿದರೆ ನೋವು ಸಡಿಲುತ್ತದೆ ಎಂದು ಗೊತ್ತಿದ್ದರೂ ಹೊಟ್ಟೆ ಅಡ್ಡ ಬಂದು ಪಾದ ಕೈಗೆ ಎಟುಕಲಿಲ್ಲ; ಗೋಡೆಗೆ ಅಂಗಾಲನ್ನು ಒತ್ತಿ ನಿಂತೆ. ಮತ್ತೆ ನಿದ್ದೆ ಬರಲಿಲ್ಲ. ಐದಕ್ಕೆ ಎದ್ದು ಅಸೈನ್‌ಮೆಂಟಿನ ಹಾಳೆ ತೆರೆದೆ. ಒಟ್ಟು ಐದು ಪ್ರಶ್ನೆಗಳಲ್ಲಿ ಮೂರು ಮುಗಿದಿದ್ದವು. ನಾಲ್ಕನೆಯದು ಅರ್ಧಕ್ಕೆ ನಿಂತಿತ್ತು. ಐದನೆಯದು ಷರತ್ತುಬದ್ಧ ಸಂಭವನೀಯತೆಯ ಲೆಕ್ಕ, ಅಂದರೆ ಒಂದು ಸಂಗತಿ ತಿಳಿದಿರುವಾಗ ಇನ್ನೊಂದರ ಸಂಭವ ಎಷ್ಟು ಎಂಬುದು. ಅದನ್ನು ನಾಲ್ಕು ದಿನಗಳಿಂದ ಓದುತ್ತಿದ್ದರೂ ತಲೆಗೆ ಹತ್ತಿರಲಿಲ್ಲ. ಗಡುವನ್ನು ಮುಂದಕ್ಕೆ ಹಾಕಿಸಿಕೊಳ್ಳಲು ಒಮ್ಮೆ ಮಾತ್ರ ಅವಕಾಶವಿತ್ತು, ಅದನ್ನು ಮೊದಲ ಮೂರು ತಿಂಗಳ ವಾಂತಿಯ ದಿನಗಳಲ್ಲೇ ಬಳಸಿಕೊಂಡು ಮುಗಿಸಿದ್ದೆ. ಹತ್ತು ನಿಮಿಷವಾಗುವಷ್ಟರಲ್ಲಿ ಮಗ ಎದ್ದು ಬಂದು ನನ್ನ ಸೆರಗು ಹಿಡಿದು ನಿಂತ.

ಮಕ್ಕಳಿಗೆ ಊಟ ಮಾಡಿಸುತ್ತ ತಾನು ಉಪವಾಸವಿರುವುದು ಕಷ್ಟವಲ್ಲ, ಯಾವ ತಾಯಿಗೂ ಅದು ರೂಢಿಯಾದ ಸಂಗತಿ. ಆದರೆ ಆ ದಿನ ಮಗನಿಗೆ ನನಗೆ ತಿನ್ನಿಸುವ ಹುಮ್ಮಸ್ಸು ಬಂದಿತ್ತು. ತನ್ನ ತಟ್ಟೆಯಿಂದ ಒಂದು ತುತ್ತನ್ನು ಎತ್ತಿ, ಐದೂ ಬೆರಳುಗಳನ್ನು ಒಟ್ಟು ಮಾಡಿ, ನನ್ನ ಬಾಯಿಗಿಟ್ಟು, ನಾನು ಅಗಿಯುವುದನ್ನು ನೋಡಲೆಂದು ಕಣ್ಣರಳಿಸಿ ಕಾದು ಕುಳಿತ. ನುಂಗಿದರೆ ಪರೀಕ್ಷೆ ಕೆಡುತ್ತದೆ, ಉಗುಳಿದರೆ ಅವನ ಮನಸ್ಸು ಮುರಿಯುತ್ತದೆ. ತುತ್ತನ್ನು ಕೆನ್ನೆಯ ಒಂದು ಬದಿಗೆ ಸರಿಸಿಕೊಂಡು, ಅವನು ನೀರಿನ ಲೋಟಕ್ಕೆ ತಿರುಗಿದ ಕ್ಷಣದಲ್ಲಿ ಬಚ್ಚಲಿಗೆ ಹೋಗಿ ಬಾಯಿ ತೊಳೆದುಕೊಂಡೆ. ಇಂಥ ಸಣ್ಣ ಕೆಲಸಗಳನ್ನು ಯಾವ ವೇಳಾಪಟ್ಟಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ದಿನದ ಬಹುಭಾಗ ಸವೆಯುವುದು ಇಂಥವುಗಳಲ್ಲೇ.

ಇವರು ಮಗಳನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗುವುದು, ನಾನು ಮಗನನ್ನು ಡೇ ಕೇರ್‌ಗೆ ಬಿಟ್ಟು ಲ್ಯಾಬ್‌ಗೆ ಹೋಗುವುದು ಎಂದು ಮಾತಾಗಿತ್ತು. ಹೊರಡುವ ಗಡಿಬಿಡಿಯಲ್ಲಿ ಮೇಜಿನ ಮೇಲಿದ್ದ, ಒಂದೇ ಬಣ್ಣದ ಬೈಂಡು ಹಾಕಿದ್ದ ಎರಡು ಪುಸ್ತಕಗಳಲ್ಲಿ ಒಂದನ್ನು ಮಗಳ ಚೀಲಕ್ಕೂ ಇನ್ನೊಂದನ್ನು ನನ್ನ ಚೀಲಕ್ಕೂ ತುಂಬಿದೆ.

ಲ್ಯಾಬ್‌ನಲ್ಲಿ 8 ಗಂಟೆ 10 ನಿಮಿಷಕ್ಕೆ ಬರಿಹೊಟ್ಟೆಯ ರಕ್ತ ತೆಗೆದರು. ಆಮೇಲೆ 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕಲಸಿ ಕೊಟ್ಟು, ಐದು ನಿಮಿಷದೊಳಗೆ ಕುಡಿದು ಮುಗಿಸಬೇಕೆಂದರು. ದಾದಿ ಲೋಟ ಕೊಡುತ್ತ, “ಇನ್ನು ಎರಡು ಗಂಟೆ ಕುಳಿತೇ ಇರಬೇಕಮ್ಮ. ಓಡಾಡಬೇಡಿ, ಏನೂ ತಿನ್ನಬೇಡಿ. ವಾಂತಿಯಾದರೆ ಇನ್ನೊಂದು ದಿನ ಬಂದು ಮೊದಲಿನಿಂದ ಮಾಡಿಸಬೇಕಾಗುತ್ತದೆ” ಎಂದು ಮೆಲ್ಲಗೆ ಹೇಳಿದರು. ನಡೆದಾಡಿದರೆ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಆಗ ಸಿಗುವ ಅಂಕಿ ದೇಹದ ನಿಜವಾದ ಸ್ಥಿತಿಯನ್ನು ತೋರಿಸುವುದಿಲ್ಲ. ಗರ್ಭ ಬೆಳೆದಂತೆ ಮಾಸು ಉತ್ಪಾದಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸುತ್ತ ಹೋಗುತ್ತವೆ. ಅದನ್ನು ಸರಿದೂಗಿಸಲು ಬೇಕಾದಷ್ಟು ಇನ್ಸುಲಿನ್ ತಯಾರಾಗದಿದ್ದರೆ ಸಕ್ಕರೆ ಏರುತ್ತದೆ. ಅದಕ್ಕಾಗಿಯೇ ಈ ಪರೀಕ್ಷೆಯನ್ನು ಸಾಮಾನ್ಯವಾಗಿ 24ರಿಂದ 28ನೆಯ ವಾರದ ನಡುವೆ ಮಾಡುತ್ತಾರೆ.

ಮೊದಲ ಇಪ್ಪತ್ತು ನಿಮಿಷ ಹೊಟ್ಟೆ ತೊಳೆಸಿದಂತಾಗಿ, ಅಂಗೈ ಬೆವರಿ, ಕಣ್ಣು ಮುಚ್ಚಿ ಉಸಿರು ಎಣಿಸುವುದರಲ್ಲೇ ಕಳೆದೆ. ವಾಂತಿಯಾಗಲಿಲ್ಲ. ಆ ಸಂಕಟ ಇಳಿದು ಕಣ್ಣು ತೆರೆದಾಗ, ನನಗೆ ಬಹಳ ದಿನಗಳಿಂದ ಸಿಗದಿದ್ದ ಒಂದು ವಸ್ತು ಎದುರಿಗಿದೆಯೆಂದು ಅರಿವಾಯಿತು. ಒಂದೂವರೆ ಗಂಟೆಗೂ ಹೆಚ್ಚು ಕಾಲ ನಾನು ಕುರ್ಚಿಯಿಂದ ಏಳಬಾರದು, ಮತ್ತು ಏಳೆಂದು ನನ್ನನ್ನು ಯಾರೂ ಕೇಳುವಂತಿಲ್ಲ. ಮನೆಯಲ್ಲಿ ನನಗೆ ಸಮಯವೇ ಇಲ್ಲವೆಂದಲ್ಲ. ಅಲ್ಲಿ ಹತ್ತು ನಿಮಿಷ, ಇಲ್ಲಿ ಕಾಲು ಗಂಟೆ ಸಿಗುತ್ತದೆ. ಆದರೆ ಅದು ಯಾವ ಗಳಿಗೆಯಲ್ಲಾದರೂ ಯಾರಾದರೂ ಕೇಳಿ ಪಡೆಯಬಹುದಾದ ಸಮಯ. ಹಾಗೆ ಒಂದು ಕಿವಿಯನ್ನು ಪಕ್ಕದ ಕೋಣೆಯಲ್ಲಿಟ್ಟು ಓದಿದ ಪುಟ ಮನಸ್ಸಿಗೆ ಇಳಿಯುವುದಿಲ್ಲ. ಸಮಯವನ್ನು ಹೊಂದಿಸಿಕೊಳ್ಳಿ ಎಂದು ಬುದ್ಧಿ ಹೇಳುವವರು ಈ ಎರಡು ಬಗೆಯ ಸಮಯಗಳನ್ನು ಬೇರ್ಪಡಿಸಿ ನೋಡಿದರೆ ಎಷ್ಟೋ ತಾಯಂದಿರ ಮೇಲಿನ ಆಪಾದನೆ ತಪ್ಪುತ್ತದೆ ಎಂದು ನಾನು ಬಲವಾಗಿ ನಂಬುತ್ತೇನೆ.

ಚೀಲದಿಂದ ಪುಸ್ತಕ ತೆಗೆದೆ. ಅದು ಮಗಳ ಚೌಕಳಿ ಗೆರೆಯ ಲೆಕ್ಕದ ಪುಸ್ತಕ. ಎದೆ ಧಸಕ್ಕೆಂದಿತು. ನನ್ನ ಟಿಪ್ಪಣಿಗಳೆಲ್ಲ ಶಾಲೆಗೆ ಹೋಗಿದ್ದವು. ಪ್ರಶ್ನೆಪತ್ರಿಕೆಯೊಂದು ಮಾತ್ರ ಫೋನಿನಲ್ಲಿತ್ತು. ಸೂತ್ರವನ್ನು ನೆನಪಿನಿಂದ ಬರೆಯಲು ಯತ್ನಿಸಿದೆ. ಅಂಶದಲ್ಲಿ ಏನಿತ್ತು, ಛೇದದಲ್ಲಿ ಏನಿತ್ತು ಎಂಬುದು ಕಲಸಿಹೋಯಿತು. ಓದಿದ್ದನ್ನು ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿಟ್ಟು ನೆನಪಿಸಿಕೊಳ್ಳಲು ಹೆಣಗಿದರೆ ಕಲಿತದ್ದು ಹೆಚ್ಚು ಕಾಲ ಉಳಿಯುತ್ತದೆಂದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದ್ದವು: ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು, ಒಂದು ವಾರದ ನಂತರ ಕೇಳಿದಾಗ ನೆನಪಿಸಿಕೊಂಡು ಅಭ್ಯಾಸ ಮಾಡಿದವರು ಮುಂದಿದ್ದರು. ಓದಿಗೆ ಮರಳಿದ ದಿನದಿಂದ ನಾನು ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ಈ ಪದ್ಧತಿಯನ್ನೇ ನೆಚ್ಚಿಕೊಂಡಿದ್ದೆ. ಆದರೆ ಅರ್ಥವೇ ಆಗದಿದ್ದುದನ್ನು ನೆನಪಿಸಿಕೊಳ್ಳುವುದಾದರೂ ಹೇಗೆ?

ಪ್ರಶ್ನೆ ಹೀಗಿತ್ತು. ಒಂದು ಕಾಯಿಲೆ ನೂರಕ್ಕೆ ಇಬ್ಬರಲ್ಲಿ ಇದೆ. ಕಾಯಿಲೆ ಇರುವವರಲ್ಲಿ ಪರೀಕ್ಷೆ ಶೇಕಡಾ 90 ಮಂದಿಯನ್ನು ಗುರುತಿಸುತ್ತದೆ. ಕಾಯಿಲೆ ಇಲ್ಲದವರಲ್ಲೂ ಶೇಕಡಾ 5 ಮಂದಿಗೆ ಇದೆಯೆಂದು ತಪ್ಪಾಗಿ ಹೇಳುತ್ತದೆ. ಪರೀಕ್ಷೆಯಲ್ಲಿ ಇದೆಯೆಂದು ಬಂದ ಒಬ್ಬರಿಗೆ ಕಾಯಿಲೆ ನಿಜವಾಗಿ ಇರುವ ಸಂಭವ ಎಷ್ಟು? ಇಂಗ್ಲೆಂಡಿನ ಗಣಿತಜ್ಞ ಥಾಮಸ್ ಬೇಯ್ಸ್ ತೀರಿಕೊಂಡ ಮೇಲೆ, 1763ರಲ್ಲಿ ಪ್ರಕಟವಾದ ಅವರ ಪ್ರಬಂಧದಿಂದ ಬೆಳೆದು ಬಂದ ಪ್ರಮೇಯ ಇದಕ್ಕೆ ಬೇಕು. ಅದು ಮರೆತಿದ್ದರಿಂದ ಕೈಯಲ್ಲಿದ್ದ ಚೌಕಗಳನ್ನೇ ಎಣಿಸಿದೆ. ಅಡ್ಡಕ್ಕೆ 20, ಉದ್ದಕ್ಕೆ 25. ಒಂದು ಪುಟಕ್ಕೆ 500, ಎದುರುಬದುರು ಎರಡು ಪುಟಕ್ಕೆ 1000. ಪ್ರತಿ ಚೌಕವನ್ನೂ ಒಬ್ಬ ಮನುಷ್ಯನೆಂದು ಭಾವಿಸಿದೆ. ನೂರಕ್ಕೆ ಇಬ್ಬರಾದರೆ ಸಾವಿರಕ್ಕೆ 20 ಮಂದಿ, ಸರಿಯಾಗಿ ಮೊದಲ ಒಂದು ಸಾಲು. ಅದರಲ್ಲಿ ಶೇಕಡಾ 90, ಅಂದರೆ 18 ಚೌಕಗಳನ್ನು ಪೆನ್ನಿನಿಂದ ತುಂಬಿದೆ.

ಹೀಗೆ ತುಂಬುತ್ತಿರುವಾಗಲೇ ಒಂದು ಗಂಟೆಯ ರಕ್ತ ತೆಗೆಯಲು ಕರೆದರು. ಮರಳಿ ಬಂದು ಕುಳಿತ ಅರ್ಧ ಗಂಟೆಗೆ ಡೇ ಕೇರ್‌ನಿಂದ ಫೋನ್ ಬಂತು. ಮಗನಿಗೆ 38.4 ಡಿಗ್ರಿ ಸೆಲ್ಸಿಯಸ್ ಜ್ವರ, ಬಂದು ಕರೆದುಕೊಂಡು ಹೋಗಿ ಎಂದರು. ನನಗೆ ಕೈಕಾಲು ಆಡಲಿಲ್ಲ. ಎದ್ದರೆ ಎರಡು ಗಂಟೆಯ ರಕ್ತ ತಪ್ಪಿ, ಉಪವಾಸವೂ ಸಂಕಟವೂ ವ್ಯರ್ಥವಾಗಿ, ಇನ್ನೊಂದು ಬೆಳಿಗ್ಗೆಯನ್ನು ಇದಕ್ಕೇ ಕೊಡಬೇಕಾಗುತ್ತದೆ. ಇವರಿಗೆ ಫೋನ್ ಮಾಡಿ “ರೀ, ಪುಟ್ಟನಿಗೆ ಜ್ವರವಂತೆ” ಎಂದೆ. “ನೀನು ಏಳಬೇಡ. ನಾನು ಹೋಗುತ್ತೇನೆ, ಇವತ್ತಿನ ಕೆಲಸವನ್ನು ಸಂಜೆ ನೋಡಿಕೊಳ್ಳುತ್ತೇನೆ” ಎಂದರು. ಇದಕ್ಕೆ ನಾನು ಋಣಿಯೆಂದು ಹೇಳುವುದಿಲ್ಲ, ಮಗ ಇಬ್ಬರವನೂ ಹೌದು. ಆದರೆ ಆ ಮಾತು ತಡವಿಲ್ಲದೆ ಬಂದ ರೀತಿ ನನ್ನ ಮನಸ್ಸಿನಲ್ಲಿ ಉಳಿದಿದೆ.

ಹತ್ತು ನಿಮಿಷ ಏನೂ ಮಾಡಲಾಗಲಿಲ್ಲ. ಆಮೇಲೆ ಮತ್ತೆ ಚೌಕಗಳಿಗೆ ಮರಳಿದೆ. ಮಗ ಜ್ವರದಲ್ಲಿ ಮಲಗಿರುವಾಗ ಲೆಕ್ಕ ಮಾಡುತ್ತ ಕುಳಿತಿದ್ದೇನೆಂಬ ಅಳುಕು ಇತ್ತು. ಅದನ್ನು ಮುಚ್ಚಿಡುವುದಿಲ್ಲ. ಹಾಗೆಂದು ಅದು ತಪ್ಪೆಂದೂ ಒಪ್ಪುವುದಿಲ್ಲ, ಏಕೆಂದರೆ ಆ ಕುರ್ಚಿಯಲ್ಲಿ ಕುಳಿತು ನಾನು ಕೇವಲ ಕೊರಗಿದ್ದರೆ ಅವನ ಮೈ ಬಿಸಿ ಒಂದು ಎಳ್ಳಷ್ಟೂ ಇಳಿಯುತ್ತಿರಲಿಲ್ಲ. ಉಳಿದ 980 ಚೌಕಗಳಲ್ಲಿ ಶೇಕಡಾ 5 ಎಂದರೆ 49. ಎರಡು ಸಾಲು ಮತ್ತು ಒಂಬತ್ತು ಚೌಕ. ಅವುಗಳಿಗೆ ಓರೆ ಗೆರೆ ಎಳೆದೆ. ಎಳೆದು ಮುಗಿಸಿ ಪುಸ್ತಕವನ್ನು ತುಸು ದೂರ ಹಿಡಿದು ನೋಡಿದೆ. ಪರೀಕ್ಷೆ ಬೆರಳು ಮಾಡಿ ತೋರಿಸಿದ 67 ಮಂದಿಯಲ್ಲಿ ಕಾಯಿಲೆಯವರು ತುಂಬಿದ ಒಂದು ಸಾಲಿಗೂ ಕಡಿಮೆ, ಸುಮ್ಮನೆ ಸಿಕ್ಕಿಬಿದ್ದವರು ಅದರ ಎರಡೂವರೆ ಪಟ್ಟಿಗೂ ಹೆಚ್ಚು. 18ನ್ನು 67ರಿಂದ ಭಾಗಿಸಿದರೆ ಶೇಕಡಾ 27. ನಾಲ್ಕು ದಿನ ನನ್ನನ್ನು ಸತಾಯಿಸಿದ ಛೇದ ಆ 67 ಚೌಕಗಳಲ್ಲದೆ ಬೇರೇನೂ ಆಗಿರಲಿಲ್ಲ. ಕಾಯಿಲೆ ಅಪರೂಪವಾಗಿದ್ದಾಗ, ಒಳ್ಳೆಯ ಪರೀಕ್ಷೆಯೂ ಕಾಯಿಲೆ ಇಲ್ಲದವರನ್ನೇ ಹೆಚ್ಚಾಗಿ ಹೆದರಿಸುತ್ತದೆ ಎಂಬುದು ಕಣ್ಣಿಗೆ ಕಂಡಿತು. ಹೊಟ್ಟೆಯೊಳಗೆ ಮಗು ಎರಡು ಬಾರಿ ಒದೆಯಿತು. ಸಕ್ಕರೆ ನೀರಿನ ಪ್ರಭಾವವೇ ಇರಬೇಕು.

10 ಗಂಟೆ 10 ನಿಮಿಷಕ್ಕೆ ಮೂರನೆಯ ಸಲ ರಕ್ತ ಕೊಟ್ಟು, ಕಟ್ಟಿಕೊಂಡು ಹೋಗಿದ್ದ ತಿಂಡಿಯನ್ನು ಅಲ್ಲಿಯೇ ಬೆಂಚಿನ ಮೇಲೆ ಕುಳಿತು ತಿಂದು, ಮನೆಗೆ ಬಂದೆ.

ಮಧ್ಯಾಹ್ನವನ್ನು ವಿವರಿಸುವುದು ಕಷ್ಟ, ಏಕೆಂದರೆ ಅಲ್ಲಿ ಘಟನೆಗಳೇ ಇಲ್ಲ. ಇದ್ದದ್ದು ಭಾರ ಮಾತ್ರ. ಇವರು ಮಗನನ್ನು ನನಗೊಪ್ಪಿಸಿ ಕೆಲಸಕ್ಕೆ ಮರಳಿದರು. ಮಕ್ಕಳ ಪ್ಯಾರಾಸಿಟಮಾಲನ್ನು ವಯಸ್ಸು ನೋಡಿಯಲ್ಲ, ತೂಕ ನೋಡಿ ಕೊಡಬೇಕೆಂದು ವೈದ್ಯರು ಮೊದಲೇ ಹೇಳಿದ್ದರು. ಅವರ ಲೆಕ್ಕದಂತೆ ಕಿಲೋಗೆ 15 ಮಿಲಿಗ್ರಾಂ, 12 ಕಿಲೋ ತೂಕಕ್ಕೆ 180 ಮಿಲಿಗ್ರಾಂ ಅಳೆದು ಕೊಟ್ಟು, ಕೊಟ್ಟ ವೇಳೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟೆ. ದಣಿದ ತಲೆಯನ್ನು ಇಂಥ ವಿಷಯದಲ್ಲಿ ನಂಬಬಾರದು. ಮಗ ರಚ್ಚೆ ಹಿಡಿದು ನನ್ನ ಮಡಿಲೇ ಬೇಕೆಂದ. ಮಡಿಲಿನಲ್ಲಿ ಜಾಗ ಉಳಿದಿರಲಿಲ್ಲ. ಪಕ್ಕಕ್ಕೆ ಒರಗಿ ಕುಳಿತು, ಅವನ ತಲೆಯನ್ನು ತೋಳಿನ ಮೇಲೂ ಕಾಲುಗಳನ್ನು ದಿಂಬಿನ ಮೇಲೂ ಇಟ್ಟಾಗ ಅವನ ಬಿಸಿ ಹಣೆ ಒಂದು ಕಡೆಯಿಂದಲೂ ಒಳಗಿನ ಮಗುವಿನ ಮೊಣಕೈಯೋ ಹಿಮ್ಮಡಿಯೋ ಇನ್ನೊಂದು ಕಡೆಯಿಂದಲೂ ನನ್ನನ್ನು ತಾಗುತ್ತಿದ್ದವು.

ಮಗು ಮಲಗಿದಾಗ ತಾಯಿಯೂ ಮಲಗಬೇಕು ಎನ್ನುತ್ತಾರೆ. ಅದು ಸರಿಯಾದ ಮಾತು. ಓದುವ ತಾಯಿಗೆ ಮಾತ್ರ ಅದು ಪ್ರತಿದಿನ ತೀರ್ಮಾನಿಸಬೇಕಾದ ವ್ಯಾಜ್ಯ. ಗರ್ಭಾವಸ್ಥೆಯಲ್ಲಿ ರಕ್ತದ ಒಟ್ಟು ಪ್ರಮಾಣ ಶೇಕಡಾ 40ಕ್ಕೂ ಹೆಚ್ಚು ಏರಬಹುದು. ಕೆಂಪು ಕಣಗಳಿಗಿಂತ ದ್ರವಭಾಗ ಬೇಗ ಹೆಚ್ಚುವುದರಿಂದ ರಕ್ತ ತೆಳುವಾಗುತ್ತದೆ, ಹೃದಯ ಹೆಚ್ಚು ದುಡಿಯುತ್ತದೆ. ನನ್ನ ಹಿಮೋಗ್ಲೋಬಿನ್ 10.2ಕ್ಕೆ ಇಳಿದಿದ್ದು, ಕಬ್ಬಿಣದ ಮಾತ್ರೆ ನಡೆಯುತ್ತಿತ್ತು. ಇದನ್ನು ಓದಿ ತಿಳಿದ ಮೇಲೆ ನನ್ನೊಳಗೆ ಒಂದು ಸಿಟ್ಟು ಶಾಂತವಾಯಿತು. ಒಂದೇ ಸಾಲನ್ನು ಮೂರು ಸಲ ಓದಿಯೂ ತಲೆಗೆ ಹೋಗದಿದ್ದಾಗ, ಆರು ವರ್ಷಗಳಲ್ಲಿ ಬುದ್ಧಿ ಮೊಂಡಾಯಿತೆಂದು ನಾನು ನನ್ನನ್ನೇ ಹಳಿದುಕೊಳ್ಳುತ್ತಿದ್ದೆ. ಮಲಗಿದ್ದಾಗಲೂ ಒಂದು ದೇಹ ಇನ್ನೊಂದು ದೇಹವನ್ನು ಕಟ್ಟುತ್ತಿದೆ; ಆ ದುಡಿಮೆಯ ದಣಿವು ಸೋಮಾರಿತನವೂ ಅಲ್ಲ, ದಡ್ಡತನವೂ ಅಲ್ಲ.

ಆ ದಿನ ನಾನು ಮಲಗಲಿಲ್ಲ, ಬರೆಯಲೂ ಆಗಲಿಲ್ಲ, ಏಕೆಂದರೆ ಬರೆಯುವ ಕೈ ಮಗನ ತಲೆಯ ಕೆಳಗಿತ್ತು. ಎಡಗೈಯಲ್ಲಿ ಫೋನ್ ಹಿಡಿದು, ಧ್ವನಿಮುದ್ರಣ ಒತ್ತಿ, ಐದನೆಯ ಪ್ರಶ್ನೆಯ ಉತ್ತರವನ್ನು ಪಿಸುಮಾತಿನಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಳಿಕೊಂಡೆ. ಎರಡನೆಯ ಸಲ ಹೇಳುವಾಗ ಚೌಕಗಳು ಸರಿದು ಸೂತ್ರ ತಾನಾಗಿ ನಿಂತಿತು.

ಮೂರೂವರೆಗೆ ಮಗಳು ಬಂದವಳೇ ಚೀಲವನ್ನು ನೆಲಕ್ಕೆ ಹಾಕಿ, “ಅಮ್ಮಾ, ನೀನು ನಿನ್ನ ಪುಸ್ತಕ ಇಟ್ಟಿದ್ದೆ. ನನ್ನ ಕಳೆಯುವ ಲೆಕ್ಕ ಎಲ್ಲ ಗೆರೆ ತಪ್ಪಿತು” ಎಂದು ಕಣ್ಣಲ್ಲಿ ನೀರು ತುಂಬಿಕೊಂಡಳು. ನನ್ನ ಟಿಪ್ಪಣಿಗಳ ಕೊನೆಯ ಪುಟದಲ್ಲಿ, ಚೌಕಗಳಿಲ್ಲದೆ ಅಂಕಿಗಳು ಒಂದರ ಕೆಳಗೊಂದು ನಿಲ್ಲದೆ ಜಾರಿ, ಹತ್ತರ ಮನೆ ಬಿಡಿಯ ಮನೆಗೆ ಬಂದಿತ್ತು. ಉತ್ತರಗಳೂ ಅದರಂತೆಯೇ ತಪ್ಪಾಗಿದ್ದವು. ತಪ್ಪು ನನ್ನದೆಂದು ಹೇಳಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಆಗ ಅವಳ ಕಣ್ಣು ತನ್ನ ಪುಸ್ತಕದ ಮೇಲೆ ಬಿತ್ತು.

“ಇದೇನು ಇಷ್ಟೊಂದು ತುಂಬಿದ್ದೀಯ?”

ಸಾವಿರ ಜನ, ಕಾಯಿಲೆಯವರು, ಕಾಯಿಲೆ ಇಲ್ಲದೆಯೂ ಇದೆಯೆಂದು ಪರೀಕ್ಷೆ ಹೇಳಿದವರು ಎಂದು ನನಗೆ ತಿಳಿದಷ್ಟು ಸರಳವಾಗಿ ವಿವರಿಸಿದೆ. ಅವಳು ಓರೆ ಗೆರೆಯ ಚೌಕಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ಎಣಿಸಿ, 49ಕ್ಕೆ ಬಂದು ನಿಂತು, ನನ್ನ ಮೊಣಕೈ ಒಳಬದಿಯಲ್ಲಿದ್ದ ಮೂರು ಹತ್ತಿಯ ಪಟ್ಟಿಗಳನ್ನು ನೋಡಿ ಕೇಳಿದಳು: “ಹಾಗಾದರೆ ಇವರಿಗೆಲ್ಲ ಮತ್ತೆ ಸೂಜಿ ಚುಚ್ಚುತ್ತಾರಾ?”

ಐದನೆಯ ಪ್ರಶ್ನೆಯ ಕೊನೆಯ ಭಾಗ ಇದೇ ಆಗಿತ್ತು. ಇದೆಯೆಂದು ಬಂದವರಿಗೆ ಎರಡನೆಯ ಬಾರಿ ಪರೀಕ್ಷೆ ಮಾಡಿ ಮತ್ತೆ ಇದೆಯೆಂದು ಬಂದರೆ ಸಂಭವ ಎಷ್ಟಾಗುತ್ತದೆ ಎಂದು ಕೇಳಿದ್ದರು. ನಾನು ಅದನ್ನು ಬಿಟ್ಟುಬಿಡುವುದೆಂದು ನಿರ್ಧರಿಸಿದ್ದೆ. ಈಗ ನೋಡಿದರೆ ಸಾವಿರ ಜನರನ್ನು ಮರೆತು ಈ 67 ಮಂದಿಯಿಂದ ಹೊಸದಾಗಿ ಪ್ರಾರಂಭಿಸಿದರೆ ಸಾಕಿತ್ತು. 18ರ ಶೇಕಡಾ 90 ಎಂದರೆ 16.2, 49ರ ಶೇಕಡಾ 5 ಎಂದರೆ 2.45. ಸಂಭವ ಶೇಕಡಾ 27ರಿಂದ ಸುಮಾರು 87ಕ್ಕೆ ಏರುತ್ತದೆ, ಎರಡು ಪರೀಕ್ಷೆಗಳ ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಸಂಭವಿಸುತ್ತವೆ ಎಂದು ಒಪ್ಪಿಕೊಂಡರೆ. “ಹೌದು ಚಿನ್ನ, ಮತ್ತೆ ಚುಚ್ಚುತ್ತಾರೆ” ಎಂದೆ. ಅವಳಿಗೆ ಅವರ ಬಗ್ಗೆ ಮರುಕ ಹುಟ್ಟಿತು.

ಸಂಜೆ ಆರಕ್ಕೆ ನನ್ನ ಫಲಿತಾಂಶ ಬಂತು. ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಸಕ್ಕರೆ ಎಂಬ ಲೆಕ್ಕದಲ್ಲಿ: ಬರಿಹೊಟ್ಟೆಯಲ್ಲಿ 89, ಒಂದು ಗಂಟೆಗೆ 172, ಎರಡು ಗಂಟೆಗೆ 149. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಅಂಗೀಕರಿಸಿದ ಮಿತಿಗಳು ಕ್ರಮವಾಗಿ 92, 180 ಮತ್ತು 153. ಇವುಗಳಲ್ಲಿ ಒಂದನ್ನು ಮುಟ್ಟಿದರೂ ಗರ್ಭಾವಸ್ಥೆಯ ಮಧುಮೇಹವೆಂದು ಪರಿಗಣಿಸುತ್ತಾರೆ. ಮೂರರಲ್ಲೂ ನಾನು ಗೆರೆಯ ಈಚೆ ಇದ್ದೆ. ನಿರಾಳವಾಯಿತು, ಆದರೆ ಪೂರ್ತಿಯಾಗಿ ಅಲ್ಲ. ಈ ಮಿತಿಗಳಿಗೆ ಆಧಾರವಾದದ್ದು ಒಂಬತ್ತು ದೇಶಗಳ ಸುಮಾರು 25,000 ಗರ್ಭಿಣಿಯರನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ. ಸಕ್ಕರೆ ಏರಿದಂತೆ ಮಗು ಅತಿಯಾಗಿ ಬೆಳೆಯುವ ಸಂಭವವೂ ಏರುತ್ತಲೇ ಹೋಗುತ್ತದೆ, ಇಲ್ಲಿಂದೀಚೆ ಸುರಕ್ಷಿತ ಎನ್ನುವ ಒಡೆದು ಕಾಣುವ ಗಡಿ ಯಾವುದೂ ಇಲ್ಲ ಎಂದು ಅದು ತೋರಿಸಿತ್ತು. ಗೆರೆಯನ್ನು ತಜ್ಞರು ಆ ಇಳಿಜಾರಿನ ಮೇಲೆ ಚರ್ಚಿಸಿ ಎಳೆದರು. ಸಂಖ್ಯಾಶಾಸ್ತ್ರ ಓದದಿದ್ದರೆ ನಾನು 149ನ್ನು ನೋಡಿ ಪಾಸಾದೆನೆಂದು ಮರೆತುಬಿಡುತ್ತಿದ್ದೆ. ಊಟದ ನಂತರ ಹತ್ತು ಹದಿನೈದು ನಿಮಿಷ ನಡೆಯುವುದೆಂದೂ ಮುಂದಿನ ಭೇಟಿಯಲ್ಲಿ ವೈದ್ಯರೊಡನೆ ಇದನ್ನು ಮಾತನಾಡುವುದೆಂದೂ ಬರೆದಿಟ್ಟುಕೊಂಡೆ. ಓದು ನನಗೇಕೆ ಬೇಕೆಂದು ಕೇಳಿದವರಿಗೆ ಈ ಕಾಗದವನ್ನು ತೋರಿಸಬೇಕೆನ್ನಿಸಿತು.

ಮಗನ ಜ್ವರ ರಾತ್ರಿಯ ಹೊತ್ತಿಗೆ ಇಳಿಯಿತು. ಇವರು ಮಗಳಿಗೆ ಊಟ ಮಾಡಿಸಿ ಪಾತ್ರೆ ತೊಳೆದರು. ಮಕ್ಕಳಿಬ್ಬರೂ ಮಲಗಿದಾಗ ಒಂಬತ್ತೂವರೆ ದಾಟಿತ್ತು. ಮೇಜಿಗೆ ಕುಳಿತು, ಫೋನಿನಲ್ಲಿ ನನ್ನದೇ ಪಿಸುದನಿಯನ್ನು ಕೇಳುತ್ತ ಐದನೆಯ ಉತ್ತರವನ್ನು ಟೈಪ್ ಮಾಡಿದೆ. ಮುದ್ರಣದ ನಡುವೆ ಮಗನ ಗೊರಗೊರ ಉಸಿರೂ ಕೇಳುತ್ತಿತ್ತು. ನಾಲ್ಕನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಎಲ್ಲೋ ನಿದ್ದೆ ಹತ್ತಿತು. ಎಚ್ಚರವಾದದ್ದು ಪಕ್ಕೆಲುಬಿನ ಕೆಳಗೆ ಬಿದ್ದ ಒದೆತದಿಂದ. 11 ಗಂಟೆ 5 ನಿಮಿಷ. ಕೆನ್ನೆಯ ಮೇಲೆ ಕೀಲಿಮಣೆಯ ಗುರುತು ಮೂಡಿತ್ತು, ಪರದೆಯ ತುಂಬ ಒಂದೇ ಅಕ್ಷರ ಹರಡಿತ್ತು. ಅದನ್ನು ಅಳಿಸಿ, ನಾಲ್ಕನೆಯದರ ಉಳಿದ ಭಾಗದಲ್ಲಿ ಬಂದಷ್ಟು ಬರೆದು, ಕೊನೆಯ ಹಂತಕ್ಕೆ ತಲುಪಲಾಗದೆ ಹಾಗೆಯೇ ಬಿಟ್ಟು, 11 ಗಂಟೆ 46 ನಿಮಿಷಕ್ಕೆ ಸಲ್ಲಿಸಿದೆ. ಅಪೂರ್ಣ ಉತ್ತರವನ್ನು ಕಳುಹಿಸುವುದು ನನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ. ಆ ರಾತ್ರಿ ಅದನ್ನು ಕಳುಹಿಸಲು ಕಲಿತೆ.

ದೀಪ ಆರಿಸಿ, ಎಡಮಗ್ಗುಲಿಗೆ ಮಲಗಿ, ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಂಡ ಮೇಲೆ ಪುಸ್ತಕಗಳ ನೆನಪಾಯಿತು. ಎದ್ದು ಹೋಗಿ ಮಗಳ ಚೌಕಳಿ ಪುಸ್ತಕವನ್ನು ತೆರೆದೆ. ನಾನು ತುಂಬಿದ ಎರಡು ಪುಟಗಳನ್ನು ಹರಿದುಕೊಳ್ಳಬೇಕೆಂದಿದ್ದೆ. ಆದರೆ ಸಂಜೆ ಯಾವಾಗಲೋ ಅವಳು ಮೊದಲ ಸಾಲಿನಲ್ಲಿ ಖಾಲಿ ಉಳಿದಿದ್ದ ಎರಡು ಚೌಕಗಳಿಗೆ, ಕಾಯಿಲೆ ಇದ್ದೂ ಪರೀಕ್ಷೆಯ ಕಣ್ಣು ತಪ್ಪಿಸಿದ್ದ ಆ ಇಬ್ಬರಿಗೆ, ಹಸಿರು ಬಣ್ಣ ಹಚ್ಚಿದ್ದಳು. ಪುಟಗಳನ್ನು ಹಾಗೆಯೇ ಬಿಟ್ಟೆ. ಎರಡೂ ಪುಸ್ತಕಗಳ ಬೈಂಡಿನ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಅವಳದನ್ನು ಅವಳ ಚೀಲಕ್ಕೆ ಹಾಕಿ ಬಂದು ಮಲಗಿದೆ.